ಕೆಂಪು ನೋಡಿ ಸೇಬು ತರಬೇಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಇದು. ಬ್ಯಾಂಕ್ ಖಾತೆ ತೆಗೆಸಿ, ಜಿಪಿ ಅಂದರೆ ನಿಮ್ಮ ಏರಿಯಾದ ಡಾಕ್ಟರ್ ಹತ್ತಿರ ಹೆಸರು ಬರೆಸಿ, ಅದನ್ನೆಲ್ಲ ಆಫೀಸಿನವರೇ ಹೇಳುತ್ತಾರೆ. ಸೇಬಿನ ವಿಷಯ ಯಾರೂ ಹೇಳಲ್ಲ.

ನಮ್ಮ ಕಡೆ ಸೇಬು ಅಂದರೆ ಆಸ್ಪತ್ರೆಗೆ ಒಯ್ಯುವ ಹಣ್ಣು. ಕೆಂಪಗೆ ಹೊಳೆಯಬೇಕು, ಮೇಲೊಂದು ಸ್ಟಿಕರ್ ಇರಬೇಕು. ರುಚಿ ಯಾರು ಕೇಳುತ್ತಾರೆ? ಅದೇ ಮಂದಿ ಮೇ ತಿಂಗಳಲ್ಲಿ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ತೊಟ್ಟು ಮೂಸದೆ ಆಪೂಸಿನ ರೇಟು ಕೂಡ ಕೇಳಲ್ಲ! ಆ ಮೂಗನ್ನು ಇಲ್ಲಿಗೂ ತನ್ನಿ.

ಸೆಪ್ಟೆಂಬರ್ ಕೊನೆಗೆ ರೈತರ ಸಂತೆಯಲ್ಲಿ ಕಾಕ್ಸ್ ಆರೆಂಜ್ ಪಿಪ್ಪಿನ್ ಅನ್ನುವ ಸೇಬಿನ ತಳಿ ಕೇಳಿ. 1825ರ ಸುಮಾರಿಗೆ ರಿಚರ್ಡ್ ಕಾಕ್ಸ್ ಎಂಬಾತ ಸ್ಲೋ ಎಂಬ ಊರಿನ ಬಳಿ ಬೀಜದಿಂದ ಎಬ್ಬಿಸಿದ ಗಿಡ. ಇವತ್ತಿನ ಕಾಕ್ಸ್ ಮರಗಳೆಲ್ಲ ಅದರದೇ ಕಸಿ. ಹಣ್ಣನ್ನು ಕಿವಿ ಹತ್ತಿರ ಅಲ್ಲಾಡಿಸಿ. ಚೆನ್ನಾಗಿ ಮಾಗಿದ್ದರೆ ಬೀಜ ಒಳಗೆ ಗಿಲಿಗಿಲಿ ಅನ್ನುತ್ತವೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನಬೇಡಿ, ಥಂಡಿಗೆ ಘಮ ಅಡಗಿರುತ್ತೆ. ಸಿಪ್ಪೆ ಸಮೇತ ಕತ್ತರಿಸಿ, ಮೂಸಿ, ನಿಧಾನ ಅಗಿಯಿರಿ. ಉಪ್ಪು-ಖಾರ ನವಲೂರಿನ ಪೇರಲಕ್ಕಿರಲಿ.

ಎಗ್ರೆಮಾಂಟ್ ರಸೆಟ್ ಅನ್ನುವ ಸೇಬು ನೋಡಿ ಮೂಗು ಮುರಿಯುವವರೇ ಜಾಸ್ತಿ. ಸಿಪ್ಪೆ ಚಿಕ್ಕೂವಿನ ಹಾಗೆ ಕಂದು, ಒರಟು. ಕೆಟ್ಟಿದೆ ಅಂತ ಪಕ್ಕಕ್ಕಿಡುತ್ತಾರೆ. ಸುಮ್ನೆ ಒಂದು ತುಂಡು ಬಾಯಿಗೆ ಹಾಕಿ ನೋಡಿ: ರಸ ಕಡಿಮೆ, ಆದರೆ ಅಕ್ರೋಟಿನ ಘಮ ಬಹಳ ಹೊತ್ತು ನಿಲ್ಲುತ್ತೆ.

ಗ್ಲಾಸ್ಟರ್‌ನ ಆಶ್‌ಮೀಡ್ಸ್ ಕರ್ನೆಲ್ ತಳಿ ಇನ್ನೂ ಹಳೆಯದು, 1700ರ ಸುಮಾರಿನದು. ಅಕ್ಟೋಬರಿನಲ್ಲಿ ಕಿತ್ತಾಗ ಹಲ್ಲು ಚುಳ್ ಅನ್ನುವಷ್ಟು ಹುಳಿ. ಹಣ್ಣಾಗಲಿ ಅಂತ ಮಾವಿನಕಾಯಿ ಅಡಿ ಹಾಕುವುದು ನಮಗೇನು ಹೊಸದಲ್ಲ, ಅಲ್ವಾ? ಇದಕ್ಕೂ ಹಾಗೇ ಮಾಡಿ. ಹುಲ್ಲಿನ ಬದಲು ಪೇಪರು, ಸೆಕೆಯ ಬದಲು ತಣ್ಣನೆ ಗ್ಯಾರೇಜು. ಒಂದಕ್ಕೊಂದು ತಾಗದಂತೆ ಇಟ್ಟು, ಕೊಳೆತದ್ದನ್ನು ಆಗಾಗ ಆರಿಸಿ ತೆಗೆಯಿರಿ. ಕ್ರಿಸ್‌ಮಸ್ ಹೊತ್ತಿಗೆ ತಿನ್ನಿ.

ಅಕ್ಟೋಬರ್ 21ರ ಆಸುಪಾಸು ಆಪಲ್ ಡೇ ಇರುತ್ತೆ, 1990ರಲ್ಲಿ ಶುರುವಾದದ್ದು. ತೋಟಗಳಲ್ಲಿ ಹಳೆಯ ತಳಿಗಳನ್ನು ಕತ್ತರಿಸಿ ರುಚಿಗೆ ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನನ್ನ ಮಗಳು ಕಾಕ್ಸ್ ಹಣ್ಣನ್ನು ವಾಸನೆಯಲ್ಲೇ ಗುರುತು ಹಿಡಿಯುತ್ತಾಳೆ. ಆಪೂಸು ಅಂದರೆ ಅವಳಿಗೆ ಡಬ್ಬದ ರಸ. ಇಲ್ಲಿ ಶಾಲೆಗೆ ದೊಡ್ಡ ರಜೆ ಬರುವುದೇ ಜುಲೈ ಕೊನೆಗೆ. ಅಷ್ಟೊತ್ತಿಗೆ ಧಾರವಾಡದಲ್ಲಿ ಮಾವಿನ ಸುಗ್ಗಿ ಮುಗಿದು ಮಳೆ ಹಿಡಿದಿರುತ್ತೆ. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಹಾಂ, ಬ್ರಾಮ್ಲಿ ಅಂತ ದಪ್ಪ ಹಸಿರು ಸೇಬು ಸಿಗುತ್ತೆ. ಹಾಗೇ ಕಚ್ಚಬೇಡಿ, ಅದು ಅಡುಗೆಯದು. ತುರಿದು ಬ್ಯಾಡಗಿ ಖಾರ, ಮೆಂತ್ಯ, ಬೆಲ್ಲ ಹಾಕಿ ತೊಕ್ಕು ಮಾಡಿ. ಒಲೆ ಮೇಲೆ ಜಾಸ್ತಿ ಹೊತ್ತು ಬಿಟ್ಟರೆ ಕರಗಿ ಮುದ್ದೆಯಾಗುತ್ತೆ.