60×80 ಸೈಟು, ಮಳೆನೀರಿಗೆ ನಾಲ್ಕೇ ಅಡಿ

ಆ ಸೈಟಿನ ನಕ್ಷೆ ಕೈಗೆ ಬಂದಾಗ ನೀರಿಗೆ ಅಂತ ಯಾರೂ ಜಾಗವನ್ನೇ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆ ಕಡೆಗೆ ಇಳಿಜಾರಾಗುವ ಒಂದು ಬಡಾವಣೆ. 60×80 ಅಡಿ ಜಾಗ, ಎಂಟು ಫ್ಲ್ಯಾಟು. ಸುತ್ತ ಐದೈದು ಅಡಿ ಬಿಟ್ಟರೆ ಉಳಿದದ್ದೆಲ್ಲ ಬೇಸ್‌ಮೆಂಟ್ ಪಾರ್ಕಿಂಗು. ಮುಂದೆ ರಸ್ತೆ, ರಸ್ತೆ ಪಕ್ಕ ಮೋರಿ. ಮಳೆನೀರಿನ ಕೆಲಸ ನನ್ನ ಪಾಲಿಗೆ ಬಂತು. ಇದು 2023ರ ಮಾರ್ಚ್ ಮಾತು.

2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ಹಾಗಾಗಿ ಎಲ್ಲರೂ ಚಾವಣಿ ನೀರಿಗೆ ಏನೋ ಒಂದು ಮಾಡುತ್ತಾರೆ. ನೆಲದ ನೀರನ್ನು ಯಾರೂ ಕೇಳುವುದಿಲ್ಲ. ಕಾರಿನ ಎಣ್ಣೆ, ಟಯರಿನ ಪುಡಿ, ಮಣ್ಣು, ನಾಯಿಯ ಗಲೀಜು, ಎಲ್ಲ ಸೇರಿಕೊಂಡು ಸೀದಾ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಸೈಟಿನ ಯಜಮಾನರು ನಿವೃತ್ತ ಬ್ಯಾಂಕ್ ನೌಕರರು. 2022ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ 130 ಮಿ.ಮೀ. ಮಳೆ ಸುರಿದು ಆ ಕಡೆಯೆಲ್ಲ ಮುಳುಗಿದ್ದನ್ನು ಕಣ್ಣಾರೆ ಕಂಡವರು. "ನಮ್ಮ ಮನೆ ನೀರು ನಮ್ಮಲ್ಲೇ ಸ್ವಲ್ಪ ತಡೆದು ಹೋಗ್ಲಿ ಕಣ್ರೀ" ಅಂದರು. ನನಗೆ ಅಷ್ಟು ಸಾಕಿತ್ತು.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಚಾವಣಿ 280 ಚದರ ಮೀಟರ್. ಡ್ರೈವ್‌ವೇ 70, ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪು 40. ಒಂದು ಗಂಟೆಯಲ್ಲಿ 60 ಮಿ.ಮೀ. ಬಂದರೆ ಚಾವಣಿಯಿಂದ ಸುಮಾರು 16,800 ಲೀಟರ್, ನೆಲದಿಂದ 6,600. ಚಾವಣಿಯದು ಸುಲಭ. ಅದು ಹೆಚ್ಚು ಕಡಿಮೆ ಶುದ್ಧ ನೀರು, ಮೊದಲ ಕೊಳೆ ನೀರನ್ನು ಹೊರಗೆ ಬಿಟ್ಟರೆ ಆಯಿತು. ಫಿಲ್ಟರ್ ದಾಟಿಸಿ 20,000 ಲೀಟರಿನ ಸಂಪಿಗೆ, ಅದು ತುಂಬಿದರೆ ಇಂಗು ಬಾವಿಗೆ.

ಇಂಗು ಬಾವಿಗೆ ಮಣ್ಣು ವಡ್ಡರ ತಂಡದವರನ್ನು ಕರೆಸಿದ್ದೆ. ಈ ಊರಿನ ಬಾವಿಗಳನ್ನು ತೋಡಿದವರೇ ಅವರು. ನಾನು ಹಿಂಭಾಗದಲ್ಲಿ ಒಂದು ಅಡಿ ಗುಂಡಿ ತೆಗೆಸಿ, ರಾತ್ರಿ ನೀರು ತುಂಬಿ ನೆನೆಯಲು ಬಿಟ್ಟು, ಬೆಳಿಗ್ಗೆ ಮತ್ತೆ ತುಂಬಿ ಸ್ಕೇಲು ಹಿಡಿದು ಕೂತಿದ್ದೆ. ಒಂದು ಗಂಟೆಗೆ 6 ಮಿ.ಮೀ. ಇಳಿದಿತ್ತು. ತಂಡದ ಹಿರಿಯರು ಬಂದು ಒಂದು ಹಿಡಿ ಮಣ್ಣು ಹಿಸುಕಿ ನೋಡಿ ನಕ್ಕರು. "ಇದು ಕೆರೆ ಮಣ್ಣು ಸಾರ್, ನೀರು ಕುಡಿಯಲ್ಲ. ಮುಂದಿನ ಮೂಲೆ ನೋಡಿ." ಮುಂದಿನ ಮೂಲೆಯಲ್ಲಿ ಗಂಟೆಗೆ 40 ಮಿ.ಮೀ. ಬಂತು. ಸ್ಕೇಲು ಹಿಡಿದ ನನಗಿಂತ ಅವರ ಕೈಯೇ ಬೇಗ ಹೇಳಿತು. ಮೂರಡಿ ಅಗಲ, ಇಪ್ಪತ್ತಡಿ ಆಳ ಅಂತ ಶುರು ಮಾಡಿ, ಹದಿನಾಲ್ಕು ಅಡಿಗೆ ಬಂಡೆ ಸಿಕ್ಕಿತು. ಅಲ್ಲಿಗೇ ನಿಲ್ಲಿಸಿದೆವು.

ಯಜಮಾನರಿಗೆ ನೆಲದ ನೀರನ್ನೂ ಅದೇ ಬಾವಿಗೆ ಬಿಡುವ ಆಸೆ. ನಾನು ಒಪ್ಪಲಿಲ್ಲ. ಎಣ್ಣೆ ಬೆರೆತ ನೀರು ಒಮ್ಮೆ ಅಂತರ್ಜಲಕ್ಕೆ ಸೇರಿದರೆ ವಾಪಸ್ ತೆಗೆಯೋಕಾಗಲ್ಲ, ಮತ್ತು ಪಕ್ಕದ ಮನೆಯವರು ಬೋರ್‌ವೆಲ್ ನೀರನ್ನೇ ಬಳಸುತ್ತಾರೆ.

ಹಾಗಾದರೆ ಆ 6,600 ಲೀಟರಿಗೆ ಏನು? ನೀರು ಇಂಗುವ ಇಂಟರ್‌ಲಾಕ್ ಕಲ್ಲು ಹಾಸಬಹುದು ಅಂದರು ಒಬ್ಬರು. ಕೆಳಗಡೆ ಬೇಸ್‌ಮೆಂಟಿನ ಸ್ಲ್ಯಾಬು ಇದೆ, ಇಂಗಿ ಎಲ್ಲಿಗೆ ಹೋಗುತ್ತೆ? ಇನ್ನೊಬ್ಬರು ಬ್ರೋಷರ್ ಸಮೇತ ಬಂದು ನೀರು ಸೋಸುವ ಕಾರ್ಟ್ರಿಜ್ ಇರುವ ಪೆಟ್ಟಿಗೆಯೊಂದನ್ನು ತೋರಿಸಿದರು. ನೆಲದಡಿ ಕೂರುತ್ತೆ, ಜಾಗ ಬೇಡ, ಕೆಲಸ ಚೆನ್ನಾಗಿಯೇ ಮಾಡುತ್ತೆ. ಆದರೆ ಕಾರ್ಟ್ರಿಜ್ ಆಗಾಗ ಬದಲಿಸಬೇಕು. ಎಂಟು ಮನೆಯವರು ಲಿಫ್ಟಿನ ಮೇಂಟೆನೆನ್ಸ್ ದುಡ್ಡಿಗೇ ಜಗಳ ಆಡುವಾಗ ಕಣ್ಣಿಗೆ ಕಾಣದ ಪೆಟ್ಟಿಗೆಗೆ ಯಾರು ಕೊಡುತ್ತಾರೆ? ವಾಚ್‌ಮನ್ ಸಲಿಕೆ ಹಿಡಿದು ಸರಿ ಮಾಡಲಾಗದ್ದನ್ನು ಇಂಥ ಕಟ್ಟಡಕ್ಕೆ ಹಾಕಬಾರದು. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ಕೊನೆಗೆ ಉಳಿದದ್ದು ಗಿಡದ ಪಾತಿ. ನೆಲದ ನೀರನ್ನು ಅದರೊಳಗೆ ಬಿಟ್ಟರೆ ಮಣ್ಣೇ ಕೊಳೆ ಸೋಸಿ ಕೆಳಗೆ ಇಳಿಸುತ್ತೆ. ಡ್ರೈವ್‌ವೇ ಪಕ್ಕ 30 ಅಡಿ ಉದ್ದ, 4 ಅಡಿ ಅಗಲದ ಪಟ್ಟಿ ಇತ್ತು. ಅಂದರೆ 11 ಚದರ ಮೀಟರ್, ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ. ಒಂದಡಿ ಆಚೆಗೇ ಬೇಸ್‌ಮೆಂಟ್ ಗೋಡೆ. ಹಾಗಾಗಿ ಪಾತಿಯ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಶೀಟು ಹೊದಿಸಿ, ತಳದಲ್ಲಿ ತೂತಿನ ಪೈಪು ಇಟ್ಟು ಮೋರಿಗೆ ಜೋಡಿಸುವುದು. ಮೇಲೆ ನೀರು ನಿಲ್ಲಲು 15 ಸೆಂ.ಮೀ., ಮಣ್ಣು 45, ಜಲ್ಲಿ 20. ಒಟ್ಟು 80. ಡ್ರೈವ್‌ವೇ ರಸ್ತೆಗಿಂತ 45 ಸೆಂ.ಮೀ. ಎತ್ತರ, ಮೋರಿಯ ತಳ ರಸ್ತೆಗಿಂತ 60 ಕೆಳಗೆ. ಇನ್ನೂ 25 ಸೆಂ.ಮೀ. ಉಳಿಯುತ್ತೆ ಅಂತ ಖುಷಿಯಿಂದ ಡ್ರಾಯಿಂಗ್ ಮಾಡಿ ಕೊಟ್ಟೆ.

ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ. ಸೈಟಿನ ಶೆಡ್ಡಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಕಣ್ಣೆದುರೇ ಮೋರಿ ತುಂಬಿಕೊಂಡು ಬಂತು. ರಸ್ತೆಗೆ ಇನ್ನು 8 ಸೆಂ.ಮೀ. ಇದೆ ಅನ್ನುವಷ್ಟಕ್ಕೆ ಏರಿ ನಿಂತಿತು. ನಾನು ಮೋರಿ ಅಳೆದದ್ದು ಮಾರ್ಚ್‌ನಲ್ಲಿ, ಒಣಗಿದ್ದಾಗ! ಮಳೆ ಬರುವ ಹೊತ್ತಿಗೆ ನನ್ನ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರುತ್ತೆ. ಅದೂ ಎಂಥ ನೀರು? ಯಾರ್‍ಯಾರೋ ಒಳಚರಂಡಿ ಜೋಡಿಸಿಬಿಟ್ಟಿರುವ ಮೋರಿಯ ನೀರು. ಅದು ಹಿಮ್ಮುಖವಾಗಿ ಬಂದು ನಮ್ಮ ಪಾತಿ ತುಂಬುತ್ತಿತ್ತು. ಟೀ ಆರಿಹೋಯಿತು.

ಅಂದರೆ ನನಗೆ ನಿಜವಾಗಿ ಸಿಕ್ಕ ಎತ್ತರ 45ಕ್ಕೆ 60 ಸೇರಿದ 105 ಸೆಂ.ಮೀ. ಅಲ್ಲ, 45ಕ್ಕೆ 8 ಸೇರಿದ 53. ಪಾತಿಯನ್ನು ಮೇಲೆತ್ತೋಣ ಅಂದರೆ ಡ್ರೈವ್‌ವೇ ನೀರು ತಾನಾಗಿ ಮೇಲೆ ಹತ್ತುವುದಿಲ್ಲ. ಎರಡು ದಿನ ಎಲ್ಲವನ್ನೂ ಕಿತ್ತು ಜೋಡಿಸಿದೆ. ನೀರು ನಿಲ್ಲುವ ಜಾಗ 10, ಮಣ್ಣು 35, ಜಲ್ಲಿ 15. ಒಟ್ಟು 60ಕ್ಕೆ ಇಳಿಯಿತು. ಇನ್ನೂ 7 ಸಾಲದು. ಡ್ರೈವ್‌ವೇಯನ್ನೇ 10 ಸೆಂ.ಮೀ. ಎತ್ತರಿಸಲು ಹೇಳಿದೆ. ಮೇಸ್ತ್ರಿ ಬೈದುಕೊಂಡ, ಯಜಮಾನರು ಕಾರಿನ ಹೊಟ್ಟೆ ಗೇಟಿನ ಹತ್ತಿರ ತಾಗುತ್ತಾ ಅಂತ ಮೂರು ಸಲ ಕೇಳಿದರು. ಗೇಟಿನ ಇಳಿಜಾರು ಉದ್ದ ಮಾಡಿ ಅದನ್ನೂ ಸರಿ ಮಾಡಿದೆವು. ಪೈಪಿನ ತುದಿಗೆ ಎನ್‌ಆರ್‌ವಿ ಹಾಕಿದೆ, ಅಂದರೆ ನೀರನ್ನು ಹೊರಗೆ ಬಿಟ್ಟು ವಾಪಸ್ ಬರಗೊಡದ ವಾಲ್ವು. ಪಾತಿಯ ಮೇಲೆ ಈಗ 1,100 ಲೀಟರ್ ನಿಲ್ಲುತ್ತದೆ. ಅದು ಆ 110 ಚದರ ಮೀಟರಿನ ಮೊದಲ 10 ಮಿ.ಮೀ. ಮಳೆಗೆ ಸಮ. ಕೊಳೆ ಜಾಸ್ತಿ ಇರುವುದೂ ಆ ಮೊದಲ ನೀರಿನಲ್ಲೇ. ಉಳಿದದ್ದು ತುಂಬಿ ಹೋದರೆ ಹೋಗಲಿ ಅಂತ ಮೇಲೊಂದು ಓವರ್‌ಫ್ಲೋ ಪೈಪು.

ರ‍್ಯಾಂಪಿನ ನೀರಿನದು ಬೇರೆ ಕಥೆ. ಅದು ಕೆಳಗೇ ಇಳಿಯುವುದು, ಹೇಗೂ ಪಂಪು ಮಾಡಲೇಬೇಕು. ಕೆಳಗೆ ಮೂರು ಕೋಣೆಯ ಗುಂಡಿ ಕಟ್ಟಿಸಿದೆ. ಮೊದಲನೆಯದರಲ್ಲಿ ಹೂಳು ತಳಕ್ಕೆ ಕೂರುತ್ತದೆ. ಎರಡನೆಯದರ ಗೋಡೆಗೆ ಕೆಳಗಡೆ ಮಾತ್ರ ಕಿಂಡಿ, ಹಾಗಾಗಿ ತೇಲುವ ಎಣ್ಣೆ ಅಲ್ಲೇ ಉಳಿಯುತ್ತದೆ. ಮೂರನೆಯದರಿಂದ ಸಣ್ಣ ಪಂಪು ನೀರನ್ನು ಪಾತಿಗೆ ಎತ್ತುತ್ತದೆ. ಮಳೆ ಜೋರಾಗಿ ಗುಂಡಿಯ ನೀರು ಇನ್ನೂ ಮೇಲಿನ ಮಟ್ಟಕ್ಕೆ ಏರಿದರೆ ದೊಡ್ಡ ಪಂಪು ಚಾಲೂ ಆಗಿ ಸೀದಾ ಹೊರಗೆ ಹಾಕುತ್ತದೆ. ಅಲ್ಲಿ ಶುದ್ಧೀಕರಣಕ್ಕಿಂತ ಕಾರು ಮುಳುಗದಿರುವುದು ಮುಖ್ಯ.

ಪಾತಿಯ ಮಣ್ಣಿನಲ್ಲೂ ಒಂದು ಎಡವಟ್ಟಾಯಿತು. ನಾನು ಇಲ್ಲದ ದಿನ ಮೇಸ್ತ್ರಿ ಕೆಮ್ಮಣ್ಣಿಗೆ ಸಗಣಿ ಗೊಬ್ಬರ ಕಲಸಿ ತುಂಬಿಸಿಬಿಟ್ಟ. ಗುಲಾಬಿಗಾದರೆ ಚೆನ್ನ. ಟ್ಯಾಂಕರ್ ನೀರು ಬಿಟ್ಟು ನೋಡಿದರೆ ಎರಡು ದಿನ ಹಾಗೇ ನಿಂತಿತ್ತು. ವಾರ ನಿಂತರೆ ಸೊಳ್ಳೆ ಹುಟ್ಟುತ್ತೆ, ಡೆಂಗಿ ಕಾಲದಲ್ಲಿ ಯಾರು ಸುಮ್ನೆ ಇರ್ತಾರೆ? ಎಲ್ಲ ತೆಗೆಸಿ ಏಳು ಪಾಲು ದಪ್ಪ ಮರಳು, ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್ ಹಾಕಿಸಿದೆ. ಈಗ ಸಿಗುವುದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್, ಅದರಲ್ಲಿ ಧೂಳು ಜಾಸ್ತಿ. ತೊಳೆದೇ ಹಾಕಬೇಕು, ಇಲ್ಲದಿದ್ದರೆ ಆ ಧೂಳೇ ಕಟ್ಟಿಕೊಳ್ಳುತ್ತದೆ. ಈ ಸಲ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲೇ ನೀರು ಇಳಿಯಿತು. ಗಿಡ ಅಂತ ಲಾವಂಚ ನೆಡಿಸಿದೆ. ಮಳೆಯಲ್ಲಿ ನೀರು ನಿಂತರೂ ಬೇಸಿಗೆಯಲ್ಲಿ ಒಣಗಿದರೂ ತಡೆದುಕೊಳ್ಳುತ್ತದೆ.

2024ರ ಜೂನ್ 2, ಭಾನುವಾರ. ಬೆಂಗಳೂರಿಗೆ 111 ಮಿ.ಮೀ. ಸುರಿದ ದಿನ. ರಾತ್ರಿ ಯಜಮಾನರ ಫೋನು. ಎದೆ ಧಸಕ್ ಅಂತು. "ಪಾತಿ ತುಂಬಿ ಮೇಲಿಂದ ಹರೀತಾ ಇದೆ ಕಣ್ರೀ!" ಅಂದರು. ಅದು ಹರಿಯಬೇಕಾದ್ದೇ, ಬೇಸ್‌ಮೆಂಟು ನೋಡಿ ಅಂದೆ. ಕೆಳಗೆ ಇಳಿದು ನೋಡಿ, ನೆಲ ಒದ್ದೆ ಅಷ್ಟೇ ಅಂದರು. ಮರುದಿನ ಬೆಳಿಗ್ಗೆ ಹೋದಾಗ ಪಾತಿಯಲ್ಲಿ ನೀರು ಇಳಿದಿತ್ತು, ಮೇಲೆ ಬೆರಳು ದಪ್ಪ ಕಪ್ಪು ಹೂಳು. ವಾಚ್‌ಮನ್ ಆಗಲೇ ಸಲಿಕೆ ಹಿಡಿದು ಅದನ್ನು ಕೆರೆದು ಬಕೆಟ್ಟಿಗೆ ತುಂಬುತ್ತಿದ್ದ. "ಇದನ್ನ ಎಲ್ಲಿ ಹಾಕ್ಲಿ ಸಾರ್?" ಅಂದ. ಆ ಪ್ರಶ್ನೆಗೆ ನನ್ನ ಡ್ರಾಯಿಂಗಿನಲ್ಲಿ ಉತ್ತರ ಇರಲಿಲ್ಲ.