ಮನೆಯೇ ರಂಗ, ಟವೆಲ್ಲೇ ವೇಷ

ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕಕ್ಕೆ ಇನ್ನೊಂದು ಹೆಸರಿದೆ: ‘ಮಕ್ಕಳ ಸ್ಕೂಲ್ ಮನೇಲಲ್ವೇ’. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ನಮ್ಮಂಥವರಿಗೆ ಈ ಹೆಸರೇ ಸಾಕು, ಪುಸ್ತಕ ಕೊಂಡುಬಿಡುತ್ತೇವೆ. ಆದರೆ ಅದನ್ನು ಮಗುವಿನ ಕೈಗಿಟ್ಟು ‘ಓದು’ ಅಂದರೆ, ನಾಲ್ಕು ಪುಟ ತಿರುವಿ ಮುಚ್ಚಿಡುತ್ತದೆ. ನಮ್ಮಲ್ಲೂ ಮೊದಲ ಸಲ ಹಾಗೇ ಆಯಿತು. ನಾಟಕ ಬಾಯಿಗೆ ಬರೆದದ್ದು, ಕಣ್ಣಿಗಲ್ಲ. ಹಾಗಾಗಿ ಶುರು ಮಾಡುವ ದಾರಿಯೇ ಬೇರೆ.

ಚಿಕ್ಕದನ್ನೇ ಆರಿಸಿ

ಎಂಟರಿಂದ ಹನ್ನೆರಡು ವರ್ಷದವರಿಗೆ ನನ್ನ ಮೊದಲ ಆಯ್ಕೆ ಸಂಸ್ಕೃತ ನಾಟಕಕಾರ ಭಾಸನ ‘ಮಧ್ಯಮ ವ್ಯಾಯೋಗ’. ಒಂದೇ ಅಂಕ. ಕಾಡು, ರಾಕ್ಷಸ, ಜಗಳ, ತಮಾಷೆ ಎಲ್ಲ ಇದೆ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಭಾಸನ ನಾಟಕಗಳ ಓಲೆಗರಿಗಳು ಕೇರಳದ ಕಡೆ ವಿದ್ವಾಂಸ ಗಣಪತಿ ಶಾಸ್ತ್ರಿಗಳ ಕೈಗೆ ಸಿಕ್ಕಿದ್ದು 1909ರ ಸುಮಾರಿಗೆ. ಇದನ್ನೂ ಮಕ್ಕಳಿಗೆ ಹೇಳಿ. ಕಳೆದುಹೋದದ್ದು ಸಿಕ್ಕಿತು ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಮೊದಲು ನೀವೊಬ್ಬರೇ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮಕ್ಕಳೂ ಅಲ್ಲೇ ಎಡವುತ್ತಾರೆ. ಹಳೆಯ ಅನುವಾದ ತೀರಾ ಬಿಗಿ ಅನ್ನಿಸಿದರೆ ಆ ಮಾತನ್ನು ನಿಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ. ಪಾಪ ಏನೂ ಬರುವುದಿಲ್ಲ.

ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ

ತಾಯಿ ಹಿಡಿಂಬೆಯ ವ್ರತಕ್ಕೆ ಒಬ್ಬ ಮನುಷ್ಯ ಬೇಕು. ಅದಕ್ಕೆ ಘಟೋತ್ಕಚ ಕಾಡಿನಲ್ಲಿ ಒಂದು ಬ್ರಾಹ್ಮಣ ಕುಟುಂಬವನ್ನು ತಡೆಯುತ್ತಾನೆ. ಮೂವರು ಗಂಡುಮಕ್ಕಳು. ಹಿರಿಯನನ್ನು ಅಪ್ಪ ಬಿಡಲೊಲ್ಲ, ಕಿರಿಯನನ್ನು ಅಮ್ಮ ಬಿಡಲೊಲ್ಲಳು. ಇಲ್ಲಿ ನಿಲ್ಲಿಸಿ. ‘ಈಗ ಯಾರು ಹೋಗ್ತಾರೆ?’ ಅಂತ ಕೇಳಿ. ಮೂರು ಮಕ್ಕಳಿರುವ ಮನೆಯಾದರೆ ನಡುವಿನದರ ಮುಖ ನೋಡಬೇಕು! ನಮ್ಮ ಪರಿಚಯದ ಮನೆಯೊಂದರಲ್ಲಿ ಆ ಹುಡುಗಿ ‘ನಂಗೊತ್ತು, ನಾನೇ’ ಅಂದಳಂತೆ. ಅವತ್ತಿನ ಪಾಠ ಅಲ್ಲಿಗೇ ಮುಗಿದು, ಬೇರೆ ಮಾತುಕತೆ ಶುರುವಾಯಿತಂತೆ. ಅದೂ ಪಾಠವೇ ಬಿಡಿ.

ಎದ್ದು ನಿಂತು ಓದಿ

ಕೂತು ಓದಿದರೆ ನಾಟಕಕ್ಕೆ ಜೀವ ಬರುವುದಿಲ್ಲ. ಮನೆಯಲ್ಲಿ ಮೂರೇ ಜನ ಇದ್ದರೆ ಒಬ್ಬೊಬ್ಬರಿಗೆ ಎರಡೆರಡು ಪಾತ್ರ ಕೊಡಿ. ಟವೆಲ್ ತಲೆಗೆ ಸುತ್ತಿದರೆ ಅಪ್ಪ, ಹೆಗಲಿಗೆ ಹಾಕಿದರೆ ಭೀಮ. ಲಟ್ಟಣಿಗೆಯೇ ಗದೆ. (ದಿಂಬಾದರೆ ಇನ್ನೂ ಒಳ್ಳೆಯದು, ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.)

ಒಂದು ಜಾಗವನ್ನು ಮಾತ್ರ ಚೆನ್ನಾಗಿ ತಾಲೀಮು ಮಾಡಿಸಿ. ನೀರು ಕುಡಿದು ಬರುತ್ತೇನೆ ಅಂತ ಹೋದ ನಡುವಿನ ಮಗ ತಡಮಾಡುತ್ತಾನೆ. ಘಟೋತ್ಕಚ ‘ಮಧ್ಯಮಾ!’ ಅಂತ ಕೂಗುತ್ತಾನೆ. ಬರುವವನು ಭೀಮ. ಕುಂತಿಯ ಮೂವರಲ್ಲಿ ಅವನೂ ನಡುವಿನವನೇ ಅಲ್ವಾ! ಮಗುವನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಹಾಲಿನಿಂದ ಕೂಗಿಸಿ. ಒಂದು ಸಲ ಸಿಟ್ಟಿನಿಂದ, ಒಂದು ಸಲ ಹಸಿದವನ ಹಾಗೆ, ಮತ್ತೊಂದು ಸಲ ಅಮ್ಮನಿಗೆ ಹೆದರಿದವನ ಹಾಗೆ. ಒಂದೇ ಪದ ಮೂರು ಬಗೆಯಾಗುತ್ತದೆ. ಯಾವುದು ಸರಿ ಅಂತ ಅವರೇ ಜಗಳ ಆಡಲಿ, ನೀವು ತೀರ್ಪು ಕೊಡಬೇಡಿ. ಎದುರಿಗಿರುವವನು ತನ್ನ ಅಪ್ಪ ಅಂತ ಘಟೋತ್ಕಚನಿಗೆ ಗೊತ್ತಿಲ್ಲ, ನೋಡುವವರಿಗೆ ಗೊತ್ತು. ನಾಟಕದ ರುಚಿ ಇರುವುದೇ ಅಲ್ಲಿ. ಅದನ್ನು ವಿವರಿಸಲು ಹೋಗಬೇಡಿ. ಆಡುವಾಗ ಅವರಿಗೇ ನಗು ಬರುತ್ತದೆ.

ಪದಗಳ ಅರ್ಥ ಕೊನೆಗೆ, ಅದೂ ಕೇಳಿದರೆ ಮಾತ್ರ.

ಹದಿಹರೆಯದವರಿಗೆ ‘ತುಘಲಕ್’

ಹದಿನಾಲ್ಕು ದಾಟಿದವರು ಟವೆಲ್ ಸುತ್ತಿಕೊಳ್ಳುವುದಿಲ್ಲ. ಬಲವಂತ ಬೇಡ. ಅವರಿಗೆ ಗಿರೀಶ ಕಾರ್ನಾಡರ ‘ತುಘಲಕ್’ ಕೊಡಿ. 1964ರ ನಾಟಕ, 13 ದೃಶ್ಯಗಳು. ಒಂದೇ ಉಸಿರಿಗೆ ಬೇಡ, ವಾರಕ್ಕೆ ಎರಡು ದೃಶ್ಯ ಸಾಕು. ಮೊದಲ ದೃಶ್ಯದಲ್ಲೇ ಸುಲ್ತಾನನ ಮೇಲೆ ಬ್ರಾಹ್ಮಣನೊಬ್ಬ ದಾವೆ ಗೆದ್ದ ಸುದ್ದಿ ಬರುತ್ತದೆ. ಆ ಬ್ರಾಹ್ಮಣ ನಿಜಕ್ಕೂ ವೇಷ ಹಾಕಿದ ಅಗಸ ಅಜೀಜ. ಓದಿ ಮುಗಿಸಿ, ‘ಇಲ್ಲಿ ಜಾಣ ಯಾರು, ಸುಲ್ತಾನನೋ ಅಜೀಜನೋ?’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಿರಿ.

ಬೆಳ್ಳಿ ನಾಣ್ಯದಷ್ಟೇ ಬೆಲೆ ಅಂತ ಸುಲ್ತಾನ ತಾಮ್ರದ ನಾಣ್ಯ ಹೊರಡಿಸುವ ಪ್ರಸಂಗ ಬಂದಾಗ ನಾವೊಂದು ಆಟ ಆಡಿದೆವು. ರಟ್ಟಿನಲ್ಲಿ 20 ‘ನಾಣ್ಯ’ ಕತ್ತರಿಸಿ ಹಂಚಿದೆ. ಒಂದು ನಾಣ್ಯಕ್ಕೆ ಅರ್ಧ ಗಂಟೆ ಮೊಬೈಲ್. ಮೂರನೇ ದಿನ ಲೆಕ್ಕ ಹಾಕಿದರೆ ನನ್ನ ಡಬ್ಬಿಗೆ ವಾಪಸ್ ಬಂದದ್ದು 34! ದೊಡ್ಡವನು ಪಾಯಸದ ಗೋಡಂಬಿ ಪ್ಯಾಕೆಟ್ಟಿನ ರಟ್ಟನ್ನೇ ಕತ್ತರಿಸಿದ್ದ. 14ನೇ ಶತಮಾನದ ದಿಲ್ಲಿಯಲ್ಲಿ ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಇತಿಹಾಸಕಾರ ಬರನಿ ಬರೆದದ್ದು ಯಾಕೆ ಅಂತ ನಾನು ಬಾಯಿಬಿಡಬೇಕಾಗಲೇ ಇಲ್ಲ. ಆಮೇಲೆ ಸುಲ್ತಾನನ ಮಾತನ್ನು ದೊಡ್ಡವನೇ ಓದಿದ, ಸ್ವಲ್ಪ ಮರುಕದಿಂದ.

ಅಭಿನಯ ಬೇಡವೇ ಬೇಡ ಅನ್ನುವವರಿದ್ದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಲಿ, ರೇಡಿಯೋ ನಾಟಕದ ಹಾಗೆ. ಬಾಗಿಲ ಕಿರುಗುಟ್ಟು, ಪಾತ್ರೆ ಸದ್ದು ಎಲ್ಲ ಸೇರಿಸಲಿ. ಮಾತಾಡಲು ನಾಚುವವರೇ ಇದರಲ್ಲಿ ಜಾಸ್ತಿ ಮುಂದೆ ಬರುತ್ತಾರೆ.

ಕೊನೆಗೆ ರಂಗದ ಮೇಲೆ ನೋಡಲಿ

ಮೊದಲು ಆಡಿ, ಆಮೇಲೆ ನೋಡಲಿ. ಹಿಂದುಮುಂದಾದರೆ ನೋಡಿದ್ದನ್ನೇ ನಕಲು ಮಾಡುತ್ತಾರೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಶುರು ಮಾಡಿದ ‘ತಿರುಗಾಟ’ ಊರೂರಿಗೆ ನಾಟಕ ಹೊತ್ತು ಬರುತ್ತದೆ, ವಿಚಾರಿಸಿ. ಮೈಸೂರಿನವರಿಗೆ ರಂಗಾಯಣ ಇದ್ದೇ ಇದೆ. ಶಾಲೆಗೆ ಹೋಗದ ಮಕ್ಕಳಿಗೆ ಬೇರೆ ಮಕ್ಕಳ ಜೊತೆ ಸೇರಲು ಅಲ್ಲಿನ ಬೇಸಿಗೆಯ ‘ಚಿಣ್ಣರ ಮೇಳ’ ಒಳ್ಳೆಯ ನೆಪ. ಟಿಕೆಟ್ ಮುಂದಿನ ಸಾಲಿನದೇ ತೆಗೆಸಿ. ನಟರ ಬೆವರು, ಬಣ್ಣ, ಉಸಿರು ಕಾಣಬೇಕು. ನಾಟಕ ಮುಗಿದ ಮೇಲೆ ‘ಹೇಗಿತ್ತು?’ ಅಂತ ತಕ್ಷಣ ಕೇಳಬೇಡಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರೇ ಶುರು ಮಾಡುತ್ತಾರೆ, ‘ಆ ಮಾತು ನಾನಾಗಿದ್ರೆ ಹೀಗೆ ಹೇಳ್ತಿದ್ದೆ’ ಅಂತ.