ವಾಪಸ್ ಲಕೋಟೆ ಸರಿಯಾದ ಮೇಲೆ ಸಹಿಗಳು ಮಂಗಳೂರಿಗೆ ಬಂದವು

ಫುಟ್ಬಾಲ್ ಆಟಗಾರರ ಚಿತ್ರವಿರುವ ಕಾರ್ಡನ್ನು ಅವರ ಸಹಿಗಾಗಿ ಮಂಗಳೂರಿನಿಂದ ವಿದೇಶಕ್ಕೆ ಅಂಚೆಯಲ್ಲಿ ಕಳಿಸುವುದೆಂದರೆ ಕಡಲಿಗೆ ಎಸೆದ ಹಾಗೆ ಎಂದವರು ಒಬ್ಬಿಬ್ಬರಲ್ಲ. ಪ್ರಮಾಣಪತ್ರ ಸಮೇತ ಹರಾಜಿನಲ್ಲಿ ಕೊಳ್ಳುವುದೊಂದೇ ದಾರಿ ಎಂಬುದು ಅನುಭವಸ್ಥರ ತೀರ್ಪಾಗಿತ್ತು. ನನ್ನ ಲೆಕ್ಕ ಹೀಗುಂಟು: ಮೊದಲ ವರ್ಷ ಕಳಿಸಿದ್ದು ಸುಮಾರು 42, ಸಹಿಯಾಗಿ ಬಂದದ್ದು 5. ಕಳೆದೆರಡು ವರ್ಷಗಳಲ್ಲಿ ಕಳಿಸಿದ್ದು 60ರ ಆಸುಪಾಸು, ಬಂದದ್ದು 37. ಆಟಗಾರರ ಪಟ್ಟಿ ಅದೇ, ಪತ್ರವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಸಹಿಯಾದ ಕಾರ್ಡು ವಾಪಸ್ ಬರಲೆಂದು ನನ್ನ ವಿಳಾಸ ಹಾಕಿ ಒಳಗಿಡುವ ಲಕೋಟೆ ಮಾತ್ರ.

ಹೋಗುವ ಲಕೋಟೆ ಸಾಮಾನ್ಯವಾಗಿ ಹೋಗಿ ಮುಟ್ಟುತ್ತದೆ. ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿನಲ್ಲಿ ತೂಗಿಸಿ ಕೊಟ್ಟರೆ ಅಲ್ಲಿಗೆ ಆ ಚಿಂತೆ ಮುಗಿಯಿತು. ಕೈಕೊಡುವುದು ಬರುವ ದಾರಿ. ಅಲ್ಲಿನ ಅಂಚೆ ಕಚೇರಿಯಲ್ಲಿ ಕೊಟ್ಟು ಸ್ಟಾಂಪು ಪಡೆಯುವ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ಇಟ್ಟರೆ ಸಾಕು ಎಂದು ಹಳಬರು ಹೇಳುತ್ತಾರೆ. ಎಪ್ಪತ್ತೈದು ದಾಟಿದ ಒಬ್ಬ ಗೋಲ್‌ಕೀಪರ್ ನಮ್ಮ ಕೂಪನ್ ಹಿಡಿದುಕೊಂಡು ಅಂಚೆ ಕಚೇರಿಯಲ್ಲಿ ಸಾಲು ನಿಲ್ಲಬೇಕೆ? ಸಹಿ ಹಾಕಿ, ಲಕೋಟೆ ಮುಚ್ಚಿ, ಮನೆಯ ಹತ್ತಿರದ ಡಬ್ಬಿಗೆ ಹಾಕುವುದಕ್ಕಿಂತ ಹೆಚ್ಚಿನ ಒಂದು ಹೆಜ್ಜೆಯೂ ಅವರ ಪಾಲಿಗೆ ಉಳಿಯಬಾರದು. ಅಂದರೆ ಆ ದೇಶದ ಸ್ಟಾಂಪನ್ನೇ ಹಚ್ಚಿ ಕಳಿಸಬೇಕು.

ಅತಿ ಹೆಚ್ಚು ದುಡ್ಡು ಹೋದದ್ದೂ ಇಲ್ಲಿಯೇ. ರಾಣಿಯ ತಲೆ ಮಾತ್ರ ಇರುವ, ಬಾರ್‌ಕೋಡ್ ಇಲ್ಲದ ಬ್ರಿಟಿಷ್ ಸ್ಟಾಂಪುಗಳ ಒಂದು ಕಟ್ಟು ಅಗ್ಗಕ್ಕೆ ಸಿಕ್ಕಿತೆಂದು ಸುಮಾರು 6,000 ರೂಪಾಯಿ ಸುರಿದೆ. ಅವು 2023ರ ಜನವರಿ 31ಕ್ಕೇ ರದ್ದಾಗಿದ್ದವು. ಕೊಟ್ಟ ರಿಯಾಯಿತಿ ಅವಧಿಯೂ ಅದೇ ಜುಲೈ ಕೊನೆಗೆ ಮುಗಿದಿತ್ತು. ಆ ಕಂತಿನ ಒಂದು ಲಕೋಟೆಯೂ ಮರಳಲಿಲ್ಲ. ಆದರೆ ಚಿತ್ರವಿರುವ ವಿಶೇಷ ಸ್ಟಾಂಪುಗಳು ಬಾರ್‌ಕೋಡ್ ಇಲ್ಲದಿದ್ದರೂ ಈಗಲೂ ನಡೆಯುತ್ತವೆ. ಅವುಗಳಲ್ಲಿ ಬೆಲೆಯ ಬದಲು ‘1ಎಸ್‌ಟಿ’ ಎಂದಷ್ಟೇ ಇರುವುದನ್ನು ಹುಡುಕಿ. ಅದನ್ನು ಎಂದೋ ಯಾರೋ ಕಡಿಮೆ ದರಕ್ಕೆ ಕೊಂಡಿದ್ದರೂ ಇಂದಿನ ಫಸ್ಟ್ ಕ್ಲಾಸ್ ದರವೇ ಅದರ ಬೆಲೆ. ಎರಡು ಹಚ್ಚಿ, ಆ ವಾರದ ವಿದೇಶಿ ದರ ನೋಡಿ, ಸಾಲದಿದ್ದರೆ ಒಂದು ಚಿಕ್ಕದು ಸೇರಿಸುತ್ತೇನೆ. ಬಾರ್‌ಕೋಡ್ ಇರುವ ಹೊಸದನ್ನು ಹಚ್ಚುವುದಾದರೆ ಕೋಡನ್ನು ಕತ್ತರಿಸಬೇಡಿ, ಮೇಲೆ ಸೆಲ್ಲೋಟೇಪ್ ಎಳೆಯಬೇಡಿ.

ಜರ್ಮನಿ ಇದಕ್ಕಿಂತ ಸುಲಭ. ಅಲ್ಲಿನ ಅಂಚೆಯ ‘ಇಂಟರ್‌ನೆಟ್‌ಮಾರ್ಕೆ’ಗೆ ಆನ್‌ಲೈನಿನಲ್ಲಿ ಹಣ ಕಟ್ಟಿ ಮನೆಯಲ್ಲೇ ಮುದ್ರಿಸಿಕೊಳ್ಳಬಹುದು. 20 ಗ್ರಾಮಿನೊಳಗೆ ಒಂದು ದರ, 50 ಗ್ರಾಮಿನವರೆಗೆ ಇನ್ನೊಂದು; ಒಂದು ಕಾರ್ಡ್ ಮತ್ತು ತೆಳು ರಟ್ಟು ಮೊದಲನೆಯದರೊಳಗೇ ಕೂರುತ್ತದೆ. ಅಲ್ಲಿನ ಮೇಲ್ದರ್ಜೆಯ ಲೀಗ್ ಬುಂಡೆಸ್‌ಲೀಗಾದ ಕ್ಲಬ್‌ಗಳು ಪ್ರತಿ ಸೀಸನ್ನಿಗೂ ಸಹಿಗೆಂದೇ ಕಾರ್ಡ್ ಮುದ್ರಿಸುವ ಕಾರಣ ನಿವೃತ್ತರಿಗೂ ಈ ಪದ್ಧತಿ ರೂಢಿ. ನಾವು ಕಳಿಸಿದ ಕಾರ್ಡಿನ ಜೊತೆ ತಮ್ಮದೊಂದು ಹಳೆಯ ಕಾರ್ಡನ್ನೂ ಸೇರಿಸಿ ಕಳಿಸಿದವರು ಇದ್ದಾರೆ. ಇಟಲಿಗೆ ನಾನು ಬಳಸುವ ದಾರಿ ಬೇರೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲಕೋಟೆಗೆ ನಮ್ಮ ಊರಿನ ತೊಂದರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಂದಿನ ಅಂಚಿರುವ ಲಕೋಟೆ ಕಪಾಟಿನಲ್ಲೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೋಗುವ ಲಕೋಟೆಯೊಳಗೆ ಮಡಚಿಟ್ಟದ್ದೂ ಹಾಗೆಯೇ. ಸಹಿ ಹಾಕಲು ಕೂತವರಿಗೆ ಸಿಗುವುದು ಮೊದಲೇ ಅಂಟಿಕೊಂಡ ಖಾಲಿ ಲಕೋಟೆ. ಮೊದಲ ವರ್ಷದ ಸೋಲಿಗೆ ಇದೂ ದೊಡ್ಡ ಕಾರಣವೆಂದು ನನಗೆ ಖಾತ್ರಿ. ಈಗ ಪಟ್ಟಿ ಕಿತ್ತು ಅಂಟಿಸುವ ಲಕೋಟೆ ಮಾತ್ರ. ವಿಳಾಸಕ್ಕೆ ಲೇಸರ್ ಪ್ರಿಂಟ್ ಬೇಕು. ಇಂಕ್‌ಜೆಟ್ ಆದರೆ ಪೋಸ್ಟ್‌ಮ್ಯಾನ್ ಕೈಗೆ ಬರುವಷ್ಟರಲ್ಲಿ ಮಳೆಗೆ ಕರಗಿ ಪಿನ್‌ಕೋಡ್ ನೀಲಿ ಕಲೆಯಾಗಿರುತ್ತದೆ. ‘ಇಂಡಿಯಾ’ ಎಂಬುದು ಕೊನೆಯ ಸಾಲಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿರಲಿ.

ಕಾರ್ಡಿಗೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ ಹಾಕಬೇಡಿ. ಬ್ರಿಟನ್ನಿನಲ್ಲಿ ‘ಲೆಟರ್’ ಎನಿಸಿಕೊಳ್ಳಲು ದಪ್ಪ 5 ಮಿಲಿಮೀಟರ್ ಮೀರಬಾರದು, ಯಂತ್ರದಲ್ಲಿ ಬಾಗಲೂ ಬೇಕು. ಪೆನ್ನಿ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲ, ಎರಡು ಬದಿಗೆ ರಟ್ಟು, ಅಷ್ಟೇ. ರಟ್ಟಿಗೆ ಮದುವೆಯ ಕರೆಯೋಲೆಗಿಂತ ಒಳ್ಳೆಯದು ಸಿಗದು. ನಮ್ಮಲ್ಲಿ ಮೇ ಮುಗಿಯುವಷ್ಟರಲ್ಲಿ ಮನೆತುಂಬ ಇರುತ್ತದೆ. ಚಿನ್ನದ ಬಣ್ಣದ ಮುಖ ಮಾತ್ರ ಹೊರಗಿರಲಿ, ಒಳಗೆ ತಿರುಗಿಸಿದರೆ ಆ ಪುಡಿ ಸ್ಲೀವಿಗೆ ಹತ್ತುತ್ತದೆ.

ಕಾರ್ಡಿನ ಆಯ್ಕೆಗೆ ಬಂದರೆ, 1960ರ ದಶಕದಲ್ಲಿ ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ ಎ ಆಂಡ್ ಬಿಸಿ ಕಂಪನಿಯ ಕಾರ್ಡುಗಳ ಮುಖ ಇಂಕು ಹೀರುತ್ತದೆ, ಬಾಲ್‌ಪೆನ್ನಿನಲ್ಲೂ ಸಹಿ ನಿಲ್ಲುತ್ತದೆ. 1990–91ರ ಪ್ರೊ ಸೆಟ್ ಕಂಪನಿಯ ಕಾರ್ಡುಗಳು ಅಗ್ಗ, ಎರಡನೇ ಡಿವಿಷನ್ನಿನವರೂ ಸಿಗುತ್ತಾರೆ, ಆದರೆ ಮುಖ ನುಣುಪು. ಅದರ ಮೇಲೆ ಶಾರ್ಪಿ ಮಾರ್ಕರ್ ಪೆನ್ನಿನ ಇಂಕು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಗಟ್ಟುತ್ತದೆ. ಸಹಿ ಬೀಳುವ ಜಾಗವನ್ನು ಬಿಳಿ ಮೆದು ರಬ್ಬರಿನಿಂದ ನಾಲ್ಕೈದು ಸಲ ಹಗುರಾಗಿ ಉಜ್ಜಿ, ಹತ್ತಿಯಲ್ಲಿ ಚಿಟಿಕೆ ಬೇಬಿ ಪೌಡರ್ ಸವರಿ, ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಪೌಡರ್ ಉಳಿದರೆ ಪೆನ್ನಿನ ಮೂತಿ ಕಟ್ಟಿ ಗೆರೆ ಮಧ್ಯದಲ್ಲಿ ತುಂಡಾಗುತ್ತದೆ. ಪೌಡರಿಗೆ ಬದಲಾಗಿ ವಿಭೂತಿಯನ್ನೂ ಅಕ್ಕಿಹಿಟ್ಟನ್ನೂ ಪರೀಕ್ಷಿಸಿದ್ದುಂಟು, ಬೆಲೆಯಿಲ್ಲದ ಕಾರ್ಡುಗಳ ಮೇಲೆ. ವಿಭೂತಿ ಸೂಕ್ಷ್ಮವಾಗಿ ಗೀಚುತ್ತದೆ. ಅಕ್ಕಿಹಿಟ್ಟು ಹಿಡಿಯುವುದು ಚೆನ್ನಾಗಿ, ಆದರೆ ಎರಡೇ ದಿನಕ್ಕೆ ಇರುವೆ.

ಸಹಿಯ ಪೆನ್ನು ನೀಲಿಯಾದರೆ ಒಳ್ಳೆಯದು. ಕಪ್ಪು ಶಾರ್ಪಿಯ ಸುತ್ತ ವರ್ಷಗಳ ಮೇಲೆ ಹಳದಿ ಅಂಚು ಮೂಡುತ್ತದೆ. ಹೊಳಪು ಕಾರ್ಡಿಗೆ ಪೇಂಟ್ ಪೆನ್ ಚೆಂದವೇನೋ ಹೌದು, ಆದರೆ ಅದನ್ನು ಕುಲುಕಿ, ಮೂತಿ ಒತ್ತಿ ಇಳಿಸುವ ಕೆಲಸವನ್ನು ವಯಸ್ಸಾದವರಿಗೆ ಹೊರಿಸಬಾರದು. ಹೊತ್ತಿಕೊಳ್ಳುವ ದ್ರಾವಣವಿರುವ ಅದನ್ನು ವಿಮಾನದ ಅಂಚೆಯಲ್ಲಿ ಕಳಿಸಲೂಬಾರದು. ನಾನು ಪೆನ್ನೇ ಇಡುವುದಿಲ್ಲ. ಸಹಿ ಕೊಡುವ ಅಭ್ಯಾಸವಿರುವವರ ಮನೆಯಲ್ಲಿ ಮಾರ್ಕರ್ ಇದ್ದೇ ಇರುತ್ತದೆ.

ಪತ್ರ ಕೈಬರಹದಲ್ಲಿ, ಒಂದೇ ಪುಟ, ಕಾರ್ಡು ಎರಡಕ್ಕಿಂತ ಹೆಚ್ಚಿಲ್ಲ. ನಾಲ್ಕು ಇಟ್ಟರೆ ಮಾರಾಟಕ್ಕೆ ಎಂದುಕೊಳ್ಳುತ್ತಾರೆ, ಅದು ಸಹಜ. ಮನೆ ವಿಳಾಸ ಹುಡುಕಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಹಳೆಯ ಕ್ಲಬ್ಬಿನ ಮೂಲಕವೋ ಮಾಜಿ ಆಟಗಾರರ ಸಂಘದ ಮೂಲಕವೋ ಹೋಗುತ್ತದೆ, ನಿಧಾನವಾದರೂ ಮುಟ್ಟುತ್ತದೆ. ಎರಡನೇ ಪ್ಯಾರಾದಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಹೇಳುವುದಿಲ್ಲ, ಉತ್ತರ ತರುವುದು ಅದೇ.

ಬಂದ ಕಾರ್ಡನ್ನು ಮೊದಲು ಲೂಪ್ ಎಂಬ ಚಿಕ್ಕ ಭೂತಗನ್ನಡಿಯಡಿ ಹಿಡಿಯಿರಿ. ರಥಬೀದಿಯ ಚಿನ್ನದ ಕೆಲಸದವರು ಬಳಸುವ 10ಎಕ್ಸ್ ಸಾಕು. ನಿಜವಾದ ಮಾರ್ಕರ್ ಸಹಿಯಲ್ಲಿ ಗೆರೆ ಗೆರೆಯನ್ನು ದಾಟುವ ಕಡೆ ಬಣ್ಣ ಗಾಢವಾಗಿರುತ್ತದೆ, ಬೆಳಕಿಗೆ ಓರೆ ಹಿಡಿದರೆ ಇಂಕಿನ ಹೊಳಪು ಕಾರ್ಡಿನ ಹೊಳಪಿನಿಂದ ಬೇರೆಯಾಗಿ ಕಾಣುತ್ತದೆ. ಅಚ್ಚಾದ ಸಹಿಯಾದರೆ ದಾಟುವ ಕಡೆಯೂ ಅದೇ ಬಣ್ಣ, ಅಂಚಿನಲ್ಲಿ ಮುದ್ರಣದ ಚುಕ್ಕಿಗಳು. ನನ್ನ 37ರಲ್ಲಿ 3 ಅಚ್ಚಿನವು, ಅವನ್ನು ಲೆಕ್ಕದಿಂದ ತೆಗೆದರೆ 34.

ಒಂದು ಸುತ್ತಿಗೆ ಕಾರ್ಡು, ಹೋಗಿಬರುವ ಸ್ಟಾಂಪು, ಲಕೋಟೆ ಎಲ್ಲ ಸೇರಿ 500 ರೂಪಾಯಿಯ ಹತ್ತಿರ. ಬಾರದವುಗಳ ಖರ್ಚನ್ನೂ ಹಂಚಿದರೆ ಒಂದು ಸಹಿಗೆ 900 ಬೀಳುತ್ತದೆ. ಬ್ರಿಟನ್ನಿನಿಂದ 5ರಿಂದ 9 ವಾರ, ಜರ್ಮನಿಯಿಂದ ಇನ್ನೂ ಬೇಗ; ಒಂದು ಲಕೋಟೆ 14 ತಿಂಗಳ ಮೇಲೆ ಬಂತು. ಪಟ್ಟಿಯನ್ನು ವಯಸ್ಸಿನ ಪ್ರಕಾರ ಮೇಲಿನಿಂದ ಇಳಿಸಿ. ಪಾವೊಲೊ ರೊಸ್ಸಿ 2020ರಲ್ಲಿ, ಗೆರ್ಡ್ ಮುಲ್ಲರ್ 2021ರಲ್ಲಿ, ಬಾಬಿ ಚಾರ್ಲ್‌ಟನ್ 2023ರಲ್ಲಿ, ಬೆಕೆನ್‌ಬಾವರ್ 2024ರ ಜನವರಿಯಲ್ಲಿ ಹೋದರು. ಅವರ ಕಾರ್ಡುಗಳು ಸಹಿಯಿಲ್ಲದೆ ನನ್ನ ಡಬ್ಬದಲ್ಲಿ ಉಳಿದಿವೆ.

ನಮ್ಮ ದೇಶದ ಆಟಗಾರರ ಕಾರ್ಡೇ ಇಲ್ಲವಲ್ಲ ಎಂದು ಈಚೆಗೆ ಇನ್ನೊಂದು ಪ್ರಯೋಗ ನಡೆದಿದೆ: ಕಾರ್ಡನ್ನು ನಾನೇ ಮುದ್ರಿಸುವುದು. 63 ಬೈ 88 ಮಿಲಿಮೀಟರ್, 300 ಜಿಎಸ್‌ಎಂ ಮ್ಯಾಟ್ ಹಾಳೆ, ಲ್ಯಾಮಿನೇಶನ್ ಬೇಡವೇ ಬೇಡ. ಭಾರತ ತಂಡದಲ್ಲಿ ಆಡಿದ್ದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ 2020ರಲ್ಲಿ ಹಠಾತ್ತನೆ ತೀರಿಕೊಂಡಾಗ ಅವರ ಸಹಿಯ ಒಂದು ಕಾರ್ಡೂ ನನ್ನಲ್ಲಿ ಇರಲಿಲ್ಲ. ಅದಕ್ಕೇ ಮುದ್ರಣ ಶುರು. ಗೋವಾ, ಕೇರಳ, ಕೋಲ್ಕತ್ತದ ಹಿರಿಯರಿಗೆ ಇದುವರೆಗೆ 9 ಹೋಗಿವೆ, 6 ಬಂದಿವೆ.

ಇಡುವ ವಿಷಯ: ಅಗ್ಗದ ಪಿವಿಸಿ ಕವರು ಇಂಕನ್ನು ಎಳೆದುಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಇರಲಿ. ಡಬ್ಬದಲ್ಲಿ ನುಸಿಗುಳಿಗೆ ಇಟ್ಟರೆ ಅದರ ಆವಿಗೆ ಪಾಲಿಸ್ಟೈರೀನ್ ಪೆಟ್ಟಿಗೆ ಮೆತ್ತಗಾಗಿ ಮಂಕಾಗುತ್ತದೆ. ರಬ್ಬರ್ ಅಂಚಿನ ಡಬ್ಬ, ಚಿಕ್ಕ ತೇವಮಾಪಕ, ಬಣ್ಣ ತೋರಿಸುವ ಸಿಲಿಕಾ ಜೆಲ್; ಮುಳ್ಳು ಶೇಕಡಾ 45–50ರಲ್ಲಿ ನಿಂತರೆ ಸರಿ. 35ಕ್ಕಿಂತ ಇಳಿದರೆ ಮಿಂಚುವ ಫಾಯಿಲ್ ಪದರವಿರುವ ಕಾರ್ಡು ಹಪ್ಪಳದ ಹಾಗೆ ಬಾಗುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಜೆಲ್ ನಾಲ್ಕೈದು ದಿನಕ್ಕೆ ನೀಲಿಯಿಂದ ಗುಲಾಬಿಯಾಗುತ್ತದೆ, ಸಣ್ಣ ಉರಿಯ ಬಾಣಲೆಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.